ಅಡುಗೆಮನೆಯಿಂದ ಏರುತ್ತಿದ್ದ ಬೆಳಗು

ಧನುರ್ಮಾಸ ಹಿಡಿಯುವ ಹಿಂದಿನ ಸಂಜೆ ಸೇಡಂನ ನಮ್ಮ ಮನೆಯ ಅಂಗಳದಲ್ಲಿ ನಾಲ್ಕು ಜನ ಕೂತಿದ್ದೆವು. ಹೊರಸಿನ ಮೇಲೆ ದೊಡ್ಡಪ್ಪ, ಬಲಗಣ್ಣಿಗೆ ಬಿಳಿ ಪಟ್ಟಿ, ಅದರ ಮೇಲೊಂದು ಹಸಿರು ಬಟ್ಟೆಯ ಮರೆ. ಬಾವಿಯ ಪಕ್ಕದ ಫರ್ಸಿ ಕಲ್ಲಿನ ಮೇಲೆ ಅಪ್ಪ, ಕಾಲು ಚಾಚಿಕೊಂಡು. ಹೊಸ್ತಿಲ ಬಳಿ ಮೊರದಲ್ಲಿ ಹೆಸರುಬೇಳೆ ಹಸನು ಮಾಡುತ್ತ ಅವ್ವ. ಅವಳ ಮಗ್ಗುಲಲ್ಲಿ ನಾನು, ಮಡಿಲ ತುಂಬ ಶಾಲೆಯ ಮಕ್ಕಳ ಪರೀಕ್ಷೆಯ ಪೇಪರು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಚಿತ್ತಾಪುರದ ಒಂದು ಶಾಲೆಯಲ್ಲಿ ನಾನು ಹೊಸದಾಗಿ ಕಲಿಸಲು ಸೇರಿದ್ದೆ. ವಾಡಿ ಕಡೆಗೆ ಹೋಗುವ ಮುಂಜಾನೆಯ ಪ್ಯಾಸೆಂಜರ್ ಗಾಡಿಗೆ ದಿನಾಲೂ ಓಡುತ್ತಿದ್ದೆ.

ದೊಡ್ಡಪ್ಪ ನಮ್ಮ ಓಣಿಯ ನಾರಾಯಣ ದೇವರ ಗುಡಿಯ ಪೂಜಾರಿ. ದೊಡ್ಡಮ್ಮ ತೀರಿಕೊಂಡ ಮೇಲೆ ಅಂಗಳದ ಆಚೆ ಬದಿಯ ಕೋಣೆಯಲ್ಲಿ ಅವರೊಬ್ಬರೇ ಇರುತ್ತಿದ್ದರು, ಊಟ ನಮ್ಮಲ್ಲೇ. ಎರಡೂ ಕಣ್ಣಿಗೆ ಪೊರೆ ಬಂದು ಬಲಿತಿತ್ತು. ಇನ್ನು ತಡಮಾಡಿದರೆ ಬಲಗಣ್ಣು ಹೋಗಿಯೇಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ಅವಸರದಲ್ಲಿ ಆಪರೇಷನ್ ಆಗಿತ್ತು. ತಲೆಯ ಮೇಲೆ ನೀರು ಹಾಕಿಕೊಳ್ಳುವಂತಿಲ್ಲ, ಹೊಗೆಯಲ್ಲಿ ಕೂರುವಂತಿಲ್ಲ, ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ. ಪೂಜೆ ಎಂದರೆ ಇವು ನಾಲ್ಕೇ, ಮತ್ತೇನು ಉಳಿಯಿತು? ಅದೂ ಧನುರ್ಮಾಸದ ಪೂಜೆ. ನಸುಕಿನಲ್ಲಿ ತಣ್ಣೀರು ಸ್ನಾನ ಮಾಡಿ, ಹುಗ್ಗಿಯ ನೈವೇದ್ಯ ತೋರಿಸಿ, ಸೂರ್ಯ ಹುಟ್ಟುವ ಮೊದಲೇ ಮಂಗಳಾರತಿ ಮುಗಿಸಬೇಕು. ಸೂರ್ಯ ಹುಟ್ಟಿದ ಮೇಲೆ ಮಾಡಿದ್ದು ದೊಡ್ಡಪ್ಪನ ಲೆಕ್ಕದಲ್ಲಿ ಪೂಜೆಯೇ ಅಲ್ಲ.

ಹೀಗಾಗಿ ಆ ತಿಂಗಳ ಪೂಜೆ ಅಪ್ಪನ ಪಾಲಿಗೆ ಬಂದಿತ್ತು. ಅಪ್ಪ ಚಿಂಚೋಳಿಯಲ್ಲಿ, ಚಿತ್ತಾಪುರದಲ್ಲಿ ಕಚೇರಿಯ ಗುಮಾಸ್ತರಾಗಿ ದುಡಿದು ನಿವೃತ್ತರಾಗಿ ಎರಡು ವರ್ಷವಾಗಿತ್ತು. ಮಂತ್ರವೆಲ್ಲ ಬಾಯಿಗೆ ಬರುತ್ತಿತ್ತು, ಕೈ ಶುದ್ಧ, ಸ್ವರ ದೊಡ್ಡಪ್ಪನದಕ್ಕಿಂತ ಚೆಂದ. ತೊಂದರೆ ಒಂದೇ. ನಮ್ಮಪ್ಪನ ನಿದ್ದೆ.

"ನೋಡು, ನಿನ್ನ ಮ್ಯಾಲೆ ನನಗ ವಿಶ್ವಾಸ ಅದ," ಎಂದರು ದೊಡ್ಡಪ್ಪ. "ನಿನ್ನ ನಿದ್ದಿ ಮ್ಯಾಲೆ ಇಲ್ಲ. ಸಣ್ಣಾವ ಇದ್ದಾಗ ಇವನ್ನ ಹಾಸಿಗಿ ಸಮೇತ ಎತ್ತಿ ಅಂಗಳದಾಗ ಇಟ್ರೂ ಏಳ್ತಿದ್ದಿಲ್ಲವ್ವ. ಬಿಸಲು ಬಂದು ಬಡದ್ರ ಮಗ್ಗಲಾ ಬದಲಸ್ತಿದ್ದ."

"ಅಣ್ಣಾ, ಈಗ ನನಗ ಅರವತ್ತು," ಎಂದರು ಅಪ್ಪ.

"ಅದಕ್ಕೇ ಹೇಳ್ಲಿಕತ್ತೀನಿ. ಸುಧಾರಣಿ ಆಗೂ ವಯಸ್ಸ ದಾಟ್ಯದ." ದೊಡ್ಡಪ್ಪ ನಗಲಿಲ್ಲ. "ಒಂದ ಮಾತು ಕೇಳ್ಕೊಳ್ರಿ ಎಲ್ಲಾರೂ. ಒಂದ ದಿನ ಪೂಜಾ ತಪ್ಪಿದ್ರೂ ನಾನು ಸುಮ್ನ ಕೂಡಾಂವಲ್ಲ. ಪಟ್ಟಿ ಇರ್ಲಿ, ಬಿಡ್ಲಿ. ಎರಡ ಕೊಡ ನೀರ ತಲಿಮ್ಯಾಲೆ ಹಾಕ್ಕೊಂಡು ಗುಡಿಗಿ ಹೋಗಾಂವನೇ."

ಅವ್ವನ ಮೊರ ನಿಂತಿತು. "ಹಂಗನಬ್ಯಾಡ್ರಿ ಭಾವನವರ. ಕಣ್ಣಿನ ಮಾತದು."

"ಕಣ್ಣು ನಂದು," ಎಂದರು ದೊಡ್ಡಪ್ಪ.

ಅವರು ಹೇಳಿದ್ದು ಮಾಡುವವರೇ ಎಂದು ನಮಗೆಲ್ಲ ಗೊತ್ತಿತ್ತು. ಆ ಸಂಜೆಯಿಂದ ಅವರ ಕಣ್ಣು ಅಪ್ಪನ ನಿದ್ದೆಯ ಕೈಯಲ್ಲಿ ಸಿಕ್ಕಿಕೊಂಡಿತು.

ಮೊದಲ ದಿನ ಗಡಿಯಾರವನ್ನೇ ನಂಬಿದೆವು. ಮೇಲೆ ಎರಡು ಗಂಟೆ ಇರುವ ಟೇಬಲ್ ಗಡಿಯಾರ. ಅದನ್ನು ಅಗಲ ತಟ್ಟೆಯಂಥ ಹಿತ್ತಾಳೆಯ ಪರಾತದೊಳಗೆ ಇಟ್ಟು, ಸಪ್ಪಳ ಹೆಚ್ಚಾಗಲೆಂದು ಪರಾತದಲ್ಲಿ ನಾಲ್ಕು ಚಮಚ ಹಾಕಿ, ಪಡಸಾಲೆಯಲ್ಲಿ ಅಪ್ಪನ ತಲೆದಿಂಬಿನ ಹತ್ತಿರ ಇಟ್ಟೆ. ನಾಲ್ಕಕ್ಕೆ ಅದು ಬಡಿದುಕೊಂಡಾಗ ಓಣಿಯ ನಾಯಿಗಳೆಲ್ಲ ಎದ್ದವು. ಅಪ್ಪ ಎದೆ ಹಿಡಿದುಕೊಂಡು ದಡಕ್ಕನೆ ಎದ್ದು ಕೂತರು. "ಯಾರು? ಏನಾಯ್ತು?" ಎಂದು ಎರಡು ಸಲ ಕೇಳಿದರು. ಆಮೇಲೆ ಕೂತಲ್ಲೇ, ಕಣ್ಣು ತೆರೆದುಕೊಂಡೇ, ಮತ್ತೆ ಎಲ್ಲಿಗೋ ಹೋಗಿಬಿಟ್ಟರು. ನಾನು ಭುಜ ಅಲುಗಿಸಿದರೆ "ಎದ್ದೀನವ್ವಾ, ಎದ್ದೀನಿ" ಎನ್ನುವ ಉತ್ತರ ಬರುತ್ತಿತ್ತು, ಅಪ್ಪ ಬರುತ್ತಿರಲಿಲ್ಲ. ಬಾವಿಯ ಹತ್ತಿರ ಕೈಹಿಡಿದು ಕರೆದೊಯ್ದು ನಿಲ್ಲಿಸಿದೆ. ಡಿಸೆಂಬರಿನ ತಣ್ಣೀರು ಮೈಮೇಲೆ ಬಿದ್ದರೂ ತಲೆಯೊಳಗಿನ ಮಂಪರು ಹರಿಯಲಿಲ್ಲ. ಒದ್ದೆ ಪಂಚೆ ಉಟ್ಟುಕೊಂಡ ನಿದ್ದೆಯೊಂದು ನನ್ನ ಕಂದೀಲಿನ ಹಿಂದೆ ಗುಡಿಗೆ ನಡೆದುಬಂತು. ಹೇಗೋ ಪೂಜೆಯಾಯಿತು.

ಎರಡನೆಯ ದಿನ ನಡೆದದ್ದನ್ನು ನೆನೆದರೆ ನನಗೆ ಈಗಲೂ ನಗು, ಆಮೇಲೆ ಅಪ್ಪನ ಬಗ್ಗೆ ಅಯ್ಯೋ ಅನ್ನಿಸುವುದು. ಗುಡಿಯಲ್ಲಿ ಓಣಿಯ ಮೂವರು ಅಜ್ಜಿಯರು ಕೈಮುಗಿದು ಕೂತಿದ್ದರು. ಅಪ್ಪ ದೇವರ ಮುಂದೆ ನಿಂತು, ಅಂಗೈಯಲ್ಲಿ ನೀರು, ಅಕ್ಷತೆ ಹಿಡಿದು, ಸಂಕಲ್ಪಕ್ಕೆಂದು ಗಂಟಲು ಸರಿಮಾಡಿಕೊಂಡರು. ಆಮೇಲೆ ಬಹಳ ಗಂಭೀರವಾಗಿ, "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ..." ಎಂದು ಶುರುಮಾಡಿದರು.

ಮೂವತ್ತೈದು ವರ್ಷದ ಕಚೇರಿ ನಾಲಿಗೆಯ ಮೇಲೆ ಕೂತಿತ್ತು. ಅರೆನಿದ್ದೆಯಲ್ಲಿದ್ದ ನಾಲಿಗೆ ತನಗೆ ಗೊತ್ತಿದ್ದ ದಾರಿ ಹಿಡಿಯಿತು, ಅಷ್ಟೇ. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಅಪ್ಪ ತಡವರಿಸಿ, ನಿಂತು, ನೀರು ಬಿಟ್ಟು ಮೊದಲಿನಿಂದ ಸಂಕಲ್ಪ ಮಾಡಿದರು. ಆದರೆ ಅಜ್ಜಿಯರಲ್ಲಿ ಒಬ್ಬರು ಗುಡಿಯಿಂದ ಸೀದಾ ನಮ್ಮ ಅಂಗಳಕ್ಕೇ ಬಂದರು.

"ಏನಪ್ಪಾ ಪೂಜಾರಿ, ನಿನ್ನ ತಮ್ಮ ಇವತ್ತ ದೇವ್ರಿಗಿ ಅರ್ಜಿ ಹಾಕ್ಯಾನ," ಎಂದರು ದೊಡ್ಡಪ್ಪನಿಗೆ. "ಮಂಜೂರ ಆಗ್ತದೋ ಇಲ್ಲೋ ನೋಡಬೇಕು."

ದೊಡ್ಡಪ್ಪ ನಕ್ಕರೆ ಚೆನ್ನಾಗಿತ್ತು. ಅವರು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡರು. ಮೂರನೆಯ ದಿನ ಅಪ್ಪ ಗಡಿಯಾರದ ಬಾಯಿ ನಿದ್ದೆಯಲ್ಲೇ ಮುಚ್ಚಿ ಮಲಗಿದರು. ಅವ್ವನ ಕೂಗಿಗೆ ನಾನು ಎದ್ದು ಬಂದು ನೀರು ಚಿಮುಕಿಸಿ ಎಬ್ಬಿಸಿ, ಗುಡಿಗೆ ಓಡಿಸಿಕೊಂಡು ಹೋಗಿ, ಮಂಗಳಾರತಿ ಆಗುವಾಗ ಮೂಡಣ ಕೆಂಪಾಗಿತ್ತು. ಇನ್ನು ಸ್ವಲ್ಪದರಲ್ಲಿ ಸೂರ್ಯ ಕಾಣುತ್ತಿದ್ದ. ಮನೆಗೆ ಬಂದರೆ ದೊಡ್ಡಪ್ಪ ತಮ್ಮ ಮಡಿಪಂಚೆ ತೆಗೆದು ಗೂಟಕ್ಕೆ ಹಾಕಿಟ್ಟಿದ್ದರು.

"ಇದ್ಯಾಕ ದೊಡ್ಡಪ್ಪಾ?" ಎಂದೆ.

"ಕೈಗಿ ಸಿಗೂಹಂಗ ಇರ್ಲಿ," ಎಂದರು.

ಆ ದಿನ ಗಾಡಿಯಲ್ಲಿ ಚಿತ್ತಾಪುರದವರೆಗೆ ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತ ಹೋದೆ, ಏನೂ ಕಾಣಲಿಲ್ಲ. ಆ ಪಂಚೆಯೊಂದೇ ಕಣ್ಣ ಮುಂದೆ.

ನೀವು ಕೇಳಬಹುದು, ಅವ್ವ ಎದ್ದಿರುತ್ತಿದ್ದಳಲ್ಲ, ಅವಳೇ ಗಂಡನನ್ನು ಹಿಡಿದು ಎಬ್ಬಿಸಬಾರದಿತ್ತೇ ಎಂದು. ತೊಡಕು ಇದ್ದದ್ದೇ ಅಲ್ಲಿ. ಅವ್ವ ಮೂರೂವರೆಗೆ ಎದ್ದು, ಸ್ನಾನ ಮಾಡಿ, ಮಡಿಸೀರೆ ಉಟ್ಟು ನೈವೇದ್ಯದ ಹುಗ್ಗಿಗೆ ಒಲೆ ಹೊತ್ತಿಸುತ್ತಿದ್ದಳು. ಮಡಿಯಲ್ಲಿದ್ದವಳು ಹಾಸಿಗೆ ಮುಟ್ಟುವಂತಿಲ್ಲ, ಹಾಸಿಗೆಯಲ್ಲಿದ್ದವರನ್ನೂ ಮುಟ್ಟುವಂತಿಲ್ಲ. ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಹೊಸ ಅಡುಗೆ. ಅಷ್ಟರಲ್ಲಿ ಬೆಳಗೇ ಆಗುತ್ತದೆ. ಅವಳಿಗಿದ್ದದ್ದು ಬಾಯಿ ಒಂದೇ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೂಗಿ ಕೂಗಿ ಅವಳ ಗಂಟಲು ಬಿದ್ದಿತ್ತು.

ಭಾನುವಾರ ಶಹಾಬಾದಿನಿಂದ ಸೋದರಮಾವ ಬಂದ. ಅವ್ವನ ತಮ್ಮ, ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಕರೆಂಟಿನ ಕೆಲಸ. ಮಾತಿಗೂ ಕೈಗೂ ಬಿಡುವಿಲ್ಲದ ಮನುಷ್ಯ. ಊಟಕ್ಕೆ ಕೂತವನು ಅರ್ಜಿಯ ಕಥೆ ಕೇಳಿ ನಗುತ್ತ ನಗುತ್ತ ನೆತ್ತಿಗೆ ಹತ್ತಿಸಿಕೊಂಡ. ಆಮೇಲೆ ಅವ್ವನ ಬಿದ್ದ ಗಂಟಲು, ಗೂಟದ ಮೇಲಿನ ಪಂಚೆ, ಎಲ್ಲ ಕೇಳಿ ನಗು ನಿಲ್ಲಿಸಿದ.

"ಭಾವಾ, ನಿಮಗ ಎಚ್ಚರ ಆದಾಗ ಹ್ಯಾಂಗ ಅನಸ್ತದ?" ಎಂದು ಅಪ್ಪನನ್ನು ಕೇಳಿದ, ಡಾಕ್ಟರ ಹಾಗೆ.

ಅದುವರೆಗೆ ಯಾರೂ ಅಪ್ಪನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಎಲ್ಲರೂ ಬೈದವರೇ. ಅಪ್ಪ ಅನ್ನ ಕಲಸುತ್ತ ಯೋಚಿಸಿದರು. "ಬಾವ್ಯಾಗ ಬಿದ್ದಾವನ್ನ ಜುಟ್ಟ ಹಿಡದು ಎಳದ್ಹಂಗ. ಮೈ ಮ್ಯಾಲೆ ಬರ್ತದ, ತಲಿ ಅಲ್ಲೇ ಉಳೀತದ. ತಾಸ ಒಪ್ಪತ್ತು ಕಲ್ಲು ಕಟ್ಟಿದ್ಹಂಗ ಭಾರ. ಯಾರ ಏನಂದ್ರೂ ತಿಳೀವಲ್ದು."

"ಮತ್ತೇನು!" ಅವ್ವ ಹುಳಿಯ ಸೌಟು ಹಿಡಿದು ಹೇಳಿದಳು. "ಕೂಸಿನ್ನ ತೊಟ್ಲ ತೂಗಿ ತೂಗಿ ಮಲಗಸ್ತೀವಿ. ದೊಡ್ಡವರ್ನ ಎಬ್ಬಸೂದು ಮಾತ್ರ ಪರಾತ ಬಡದು."

ಮಾವ ಎಂಜಲುಗೈಯಲ್ಲೇ ಬೆರಳು ಎತ್ತಿದ. "ಅಕ್ಕಾ, ಬರೋಬ್ಬರಿ ಹೇಳ್ದಿ. ನಮ್ಮ ಸಾಹೇಬರ ಹತ್ರ ಒಂದು ಇಂಗ್ಲಿಷ್ ಪುಸ್ತಕದಾಗ ನೋಡೀನಿ. ಥಂಡಿ ದೇಶದಾಗ ಮುಂಜಾನಿ ಒಂಬತ್ತಾದ್ರೂ ಕತ್ತಲಂತ. ಅಲ್ಲಿ ಮಂದಿಗಿ ನಮ್ಮ ಭಾವನ ರೋಗನೇ. ಅವರು ಒಂದ ಗಡಿಯಾರ ಮಾಡ್ಯಾರ, ಗಂಟಿ ಇಲ್ಲ, ಬರೇ ದೀಪ. ಹೊತ್ತ ಹೊಂಡೂಹಂಗ ಸಾವಕಾಶ ಬೆಳಕ ಏರ್ತದ. ಕಣ್ಣ ಮುಚ್ಚಿದ್ರೂ ಕಣ್ಣಿಗಿ ತಿಳೀತದಂತ. ನಿದ್ದಿ ತಾನೇ ಇಳದು ಹೋಗ್ತದ."

"ಅದು ಎಲ್ಲಿ ಸಿಗ್ತದ?" ಎಂದೆ ನಾನು.

"ಇಲ್ಲಿ ಸಿಗೂದಿಲ್ಲ. ಮಾಡೂದು."

ಮಧ್ಯಾಹ್ನವೆಲ್ಲ ಅಟ್ಟದ ಮೇಲೆ ಧೂಳಲ್ಲಿ ಹುಡುಕಾಡಿ, ಸುಟ್ಟುಹೋದ ಹಳೆಯ ಫ್ಯಾನಿನ ಕರಿ ರೆಗ್ಯುಲೇಟರ್ ತಂದ. ಅಂಗೈಯಗಲದ ಡಬ್ಬಿ, ಮುಖದ ಮೇಲೆ ಒಂದರಿಂದ ಐದರವರೆಗೆ ಅಂಕಿ, ತಿರುಗಿಸುವ ಕಿವಿ. ಫ್ಯಾನಿಗೆ ಹೋಗುವ ತಂತಿಗೆ ನೂರರ ಬಲ್ಬು ಕಟ್ಟಿದ. ಒಂದಕ್ಕೆ ತಿರುಗಿಸಿದರೆ ಬಲ್ಬಿನ ತಂತಿ ಇದ್ದಿಲ ಕೆಂಡದ ಹಾಗೆ ಕೆಂಪಗಾಯಿತು, ಅಷ್ಟೇ. ಎರಡಕ್ಕೆ ಕುಂಕುಮ. ಮೂರಕ್ಕೆ ಅರಿಶಿಣ. ನಾಲ್ಕು, ಐದಕ್ಕೆ ಏರುತ್ತ ಕೋಣೆ ಬೆಳ್ಳಗಾಯಿತು. ನಮ್ಮ ಅಪ್ಪ ಮಗುವಿನ ಹಾಗೆ ಮತ್ತೆ ಮತ್ತೆ ತಿರುಗಿಸಿ ನೋಡಿದರು.

ಮಾವ ಮೊದಲು ಬಲ್ಬನ್ನು ಅಪ್ಪನ ತಲೆಯ ಮೇಲೆ ತೂಗುಹಾಕಿ ನೋಡಿದ. ಅಪ್ಪ ಮಲಗಿದಲ್ಲಿಂದಲೇ, "ಠಾಣೆದಾಗ ಕೂಡಸಿ ವಿಚಾರಣಿ ಮಾಡಿದ್ಹಂಗ ಆಗ್ಲಿಕತ್ತದ, ತೆಗಿ" ಎಂದರು. ಕಡೆಗೆ ಬಲ್ಬನ್ನು ನೆಲದ ಮೇಲೆ, ದೊಡ್ಡ ಟ್ರಂಕಿನ ಹಿಂದೆ ಇಟ್ಟ. ಬಲ್ಬು ಕಾಣುವುದಿಲ್ಲ, ಅದರ ಬೆಳಕು ಸುಣ್ಣ ಬಳಿದ ಗೋಡೆಗೆ ಬಿದ್ದು ಗೋಡೆಯೇ ಬೆಳಗುತ್ತದೆ.

ಇನ್ನು ಕಿವಿ ತಿರುಗಿಸುವವರು ಯಾರು? ಅದಕ್ಕೆ ಗಡಿಯಾರ ಜೋಡಿಸಲು ಮಾವ ಒಂದು ತಾಸು ಒದ್ದಾಡಿದ. ಹಲ್ಲಿನ ಚಕ್ರ ಕೂಡಲಿಲ್ಲ. ಅವ್ವ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದವಳು, "ಏ ತಮ್ಮಾ, ಗಡಿಯಾರ ಯಾಕ? ನಾ ಎದ್ದೇ ಇರ್ತೀನಲ್ಲ. ಆ ಡಬ್ಬಿ ತಂದು ನನ್ನ ಅಡಿಗಿಮನ್ಯಾಗ ಹಚ್ಚು" ಎಂದಳು.

ಮಾವ ಅವಳ ಮುಖ ನೋಡಿದ. ನಾವೆಲ್ಲ ನೋಡಿದೆವು. ಅಷ್ಟು ದಿನ ಮಡಿಯೆಂಬ ಹೊಸ್ತಿಲಿನ ಆಚೆ ನಿಂತು ಕೂಗುತ್ತಿದ್ದವಳಿಗೆ, ಅಪ್ಪನನ್ನು ಮುಟ್ಟದೆಯೇ ಎಬ್ಬಿಸುವ ಕೈಯೊಂದು ಸಿಕ್ಕಿತ್ತು. ಬೆಳಕಿಗೆ ಮೈಲಿಗೆ ಎಲ್ಲಿಯದು?

ಸಂಜೆಯೊಳಗೆ ಡಬ್ಬಿ ಒಲೆಯ ಪಕ್ಕದ ಗೋಡೆಗೆ ಹತ್ತಿತು. ಅವ್ವ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ ಮಡಿ ಮಾಡಲು ಹೋದಾಗ ಮಾವ ಹಾರಿ ಬಂದು ತಡೆದ. "ಅಕ್ಕಾ, ಕರೆಂಟಿಗಿ ಮಡಿನೀರು ಗೊತ್ತಾಗೂದಿಲ್ಲ! ಕೈ ಒಣಗಿಸ್ಕೊಂಡು ಮುಟ್ಟು." ಅವ್ವ ಬೆರಳು ಎತ್ತಿ ನಮಗೆಲ್ಲ ಹೇಳಿದಳು, "ಇದು ಮಡಿ ಸ್ವಿಚ್ಚು. ಯಾರೂ ಮುಟ್ಟಬ್ಯಾಡ್ರಿ. ಅದರಾಗ ನೀನು, ಸಾಲಿಗಿ ಹೋಗಿ ಬಂದ ಕೈಲೆ."

ದೊಡ್ಡಪ್ಪ ಆ ಹೊತ್ತು ಕಣ್ಣಿನ ಔಷಧ ಹಾಕಿಸಿಕೊಂಡು, ಗುಳಿಗೆ ನುಂಗಿ ತಮ್ಮ ಕೋಣೆಯಲ್ಲಿ ಮಲಗಿದ್ದರು. ಡಬ್ಬಿಯ ಸಂಗತಿ ಅವರಿಗೆ ಹೇಳುವುದು ಯಾರಿಗೂ ನೆನಪಾಗಲಿಲ್ಲ. ಮಾವ ರಾತ್ರಿಯ ಗಾಡಿಗೆ ಹೋದ.

ಮರುದಿನ ನಸುಕಿನಲ್ಲಿ ನನಗೆ ಎಚ್ಚರವಾಯಿತು, ನಿಜ ಹೇಳಬೇಕೆಂದರೆ ಕುತೂಹಲಕ್ಕೆ. ಕೌದಿಯೊಳಗಿಂದ ಒಂದೇ ಕಣ್ಣು ತೆರೆದು ನೋಡುತ್ತಿದ್ದೆ. ಅವ್ವ ಹೆಸರುಬೇಳೆ ಹುರಿಯುವ ವಾಸನೆ ಬಂತು, ಡಬ್ಬಿ ಕಟಕ್ ಎಂದಿತು. ಪಡಸಾಲೆಯ ಗೋಡೆಯ ಬುಡದಲ್ಲಿ ಕೆಂಡದಂಥ ಕೆಂಪು. ಎಸರಿಗೆ ಅಕ್ಕಿ ಬೇಳೆ ಬಿದ್ದವು, ಕಟಕ್, ಕೆಂಪು ಮೊಣಕಾಲೆತ್ತರಕ್ಕೆ ಏರಿತು. ಅಡುಗೆಯ ಹಂತಕ್ಕೆ ಒಂದೊಂದು ಅಂಕಿ ಎಂದು ಅವ್ವ ಯಾರನ್ನೂ ಕೇಳದೆ ತಾನೇ ಗೊತ್ತುಮಾಡಿಕೊಂಡಿದ್ದಳು. ಅಕ್ಕಿ ಅರ್ಧ ಬೆಂದಾಗ ಮೂರು. ಮೆಣಸು, ಜೀರಿಗೆ, ಶುಂಠಿ ಬಿದ್ದಾಗ ನಾಲ್ಕು. ಗೋಡೆ ತುಂಬ ಅರಿಶಿಣದ ಬೆಳಕು, ಮನೆ ತುಂಬ ಮೆಣಸಿನ ಘಮ. ಅಪ್ಪನ ಗೊರಕೆ ಸಣ್ಣದಾಗಿ, ನಿಂತು, ಒಂದು ನಿಟ್ಟುಸಿರಾಯಿತು. ಕಣ್ಣು ತಾನೇ ತೆರೆಯಿತು. ಮಲಗಿದಲ್ಲೇ ಗೋಡೆಯನ್ನು ನೋಡುತ್ತ, "ಹುಗ್ಗಿಗಿ ಮೆಣಸ ಬಿತ್ತೇನು?" ಎಂದರು.

ಎದ್ದವರ ಧ್ವನಿ ಅದು. ಮಂಪರಿನಲ್ಲಿ ಗೊಣಗುವವರ ಧ್ವನಿಯಲ್ಲ. ನಾನು ಎದ್ದು ಕೂತೆ. ಅಡುಗೆಮನೆಯಿಂದ ಅವ್ವ ಏನೋ ಹೇಳುವಷ್ಟರಲ್ಲಿ ಅಂಗಳದಲ್ಲಿ ಬಾವಿಯ ರಾಟೆ ಕಿರ್ರೆಂದಿತು.

ಆ ಹೊತ್ತಿನಲ್ಲಿ ನೀರು ಸೇದುವವರು ಯಾರು? ನನಗೆ ತಿಳಿಯುವ ಮೊದಲೇ ಅಪ್ಪನಿಗೆ ತಿಳಿಯಿತು. ಕೌದಿ ಒದ್ದು, ಚಪ್ಪಲಿಯನ್ನೂ ನೋಡದೆ ಓಡಿದರು. ನಾನು ಹಿಂದೆ. ಬಾವಿಯ ಬಳಿ ದೊಡ್ಡಪ್ಪ, ಬರಿಮೈ, ಸೊಂಟಕ್ಕೆ ಪಂಚೆಯ ತುಂಡು, ಕಣ್ಣಿಗೆ ಹಸಿರು ಮರೆ. ತುಂಬಿದ ಕೊಡವನ್ನು ಎರಡೂ ಕೈಯಿಂದ ಎದೆಯ ಮಟ್ಟಕ್ಕೆ ಎತ್ತಿದ್ದರು.

"ಹಿಡೀರಿ! ಅವರ್ನ ಹಿಡೀರಿ!" ಅಡುಗೆಮನೆಯ ಬಾಗಿಲಲ್ಲಿ ಅವ್ವ ಚೀರಿದಳು.

ಕೊಡ ಹಣೆಯ ಮಟ್ಟ ಏರುವಷ್ಟರಲ್ಲಿ ಅಪ್ಪ ದೊಡ್ಡಪ್ಪನ ಎರಡೂ ಮುಂಗೈ ಹಿಡಿದುಕೊಂಡರು. ನೀರು ತುಳುಕಿ ದೊಡ್ಡಪ್ಪನ ಹೊಟ್ಟೆಯ ಮೇಲೂ ಅಪ್ಪನ ಪಾದದ ಮೇಲೂ ಬಿತ್ತು. ಇಬ್ಬರೂ ಅರವತ್ತು ತುಂಬಿದವರು, ಕೊಡಕ್ಕಾಗಿ ಹುಡುಗರ ಹಾಗೆ ಜಗ್ಗಾಡಿದರು.

"ಬಿಡು ನನ್ನ! ಹೊತ್ತು ಹೊಂಟು ಕೂತದ, ಪೂಜಾ ತಪ್ಪಿಸ್ದೆಲ್ಲೋ!"

"ಎಲ್ಲಿ ಹೊಂಟದ ಅಣ್ಣಾ? ಇನ್ನಾ ಕತ್ತಲ ಅದ!"

"ಸುಳ್ಳ ಹೇಳಬ್ಯಾಡ! ಪೂರಾ ಕುರುಡ ಆಗಿಲ್ಲ ನಾ. ನಿಮ್ಮ ಪಡಸಾಲಿ ಕಿಟಕ್ಯಾಗ ಬೆಳಕ ಏರೂದು ಕಣ್ಣಾರೆ ನೋಡೀನಿ. ಮೊದಲ ಕೆಂಪು, ಆಮ್ಯಾಲೆ ಹಳದಿ. ಮುಟ್ಟಬ್ಯಾಡ, ಮೈಲಿಗಿ ಆಯ್ತು ನನಗ!"

"ನೀ ಇನ್ನಾ ಸ್ನಾನನೇ ಮಾಡಿಲ್ಲ, ಮೈಲಿಗಿ ಎಲ್ಲಿಂದ ಬಂತು?"

ಆಗ ನನಗೆ ಹೊಳೆಯಿತು. ಅವರ ಎಡಗಣ್ಣಿನಲ್ಲೂ ಪೊರೆ ಇತ್ತು. ಬೆಳಕು, ಕತ್ತಲೆ ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಗುಳಿಗೆಯ ನಿದ್ದೆಯಿಂದ ಹೊತ್ತಿನ ಅಂದಾಜು ತಪ್ಪಿತ್ತು. ಎದುರಿನ ಕಿಟಕಿಯಲ್ಲಿ ಬೆಳಗು ಏರುವುದನ್ನು ನೋಡಿ, ತಮ್ಮ ಮತ್ತೆ ಮಲಗಿಬಿಟ್ಟ, ಇನ್ನು ತಾನೇ ಹೋಗಬೇಕು ಎಂದು ಹೊರಬಂದಿದ್ದರು. ಅವರ ಕಣ್ಣು ಉಳಿಯಲೆಂದು ಮಾಡಿದ ದೀಪವೇ ಅವರನ್ನು ಬಾವಿಗೆ ಕರೆತಂದಿತ್ತು.

"ದೊಡ್ಡಪ್ಪಾ, ಅದು ಬಲ್ಬು," ಎಂದೆ. "ಮಾವ ಮಾಡ್ಯಾನ. ಅಪ್ಪಗ ಎಬ್ಬಸಲಿಕ್ಕ."

"ನಿನ್ನ ಮಾವ ಸೂರ್ಯನ್ನ ಮಾಡ್ಯಾನ? ನನಗ ಹೇಳ್ಲಿಕತ್ತಿ?" ಅವರ ಕೈ ಕೊಡ ಬಿಡಲಿಲ್ಲ. ಆಕಾಶ ತೋರಿಸೋಣವೆಂದರೆ ಚುಕ್ಕಿ ಕಾಣುವ ಕಣ್ಣಲ್ಲ. ಗಡಿಯಾರ ತಂದು ತೋರಿಸಿದರೂ ಅಷ್ಟೇ.

ಅವ್ವ ಅಲ್ಲಿಂದಲೇ, ಈ ಸಲ ಚೀರದೆ, ಹೇಳಿದಳು. "ಭಾವನವರ, ಒಂದ ಗಳಿಗಿ ಸುಮ್ನ ನಿಂದರ್ರಿ. ಹೊತ್ತು ಹೊಂಟಿದ್ರ ಗುಬ್ಬಿ ಸುಮ್ನ ಇರ್ತಿದ್ವೇನು? ಕೇಳ್ರಿ."

ನಮ್ಮ ಬಾವಿಯ ಪಕ್ಕದ ಬೇವಿನ ಮರದ ತುಂಬ ಗುಬ್ಬಿ. ಬೆಳಗಾಯಿತೆಂದರೆ ಮಾತು ಕೇಳದಷ್ಟು ಗದ್ದಲ. ನಾಲ್ಕೂ ಜನ ಉಸಿರು ಬಿಗಿಹಿಡಿದು ನಿಂತೆವು. ಒಂದು ಎಲೆಯೂ ಅಲುಗಲಿಲ್ಲ. ದೂರದಲ್ಲಿ ಸ್ಟೇಷನ್ನಿನ ಕಡೆ ಒಂದು ನಾಯಿ, ಅದೂ ಸುಮ್ಮನಾಯಿತು. ದೊಡ್ಡಪ್ಪ ತಲೆ ಸ್ವಲ್ಪ ಓರೆ ಮಾಡಿ ಬಹಳ ಹೊತ್ತು ಕೇಳಿದರು. ಆಮೇಲೆ ಅವರ ಕೈ ಸಡಿಲಾಯಿತು. ಅಪ್ಪ ಕೊಡ ಇಸಿದುಕೊಂಡು ಕೆಳಗಿಟ್ಟರು.

ನಾನು ಪಟ್ಟಿ ಮುಟ್ಟಿ ನೋಡಿದೆ. ಒಣಗಿತ್ತು. ಒಂದು ಹನಿಯೂ ತಾಕಿರಲಿಲ್ಲ. ಅಲ್ಲೇ ಒದ್ದೆ ಕಲ್ಲಿನ ಮೇಲೆ ಕೂತುಬಿಟ್ಟೆ. ಅಪ್ಪ ತಮ್ಮ ಪಂಚೆಯ ಅಂಚಿನಿಂದ ಅಣ್ಣನ ಹೊಟ್ಟೆ ಒರೆಸುತ್ತಿದ್ದರು. ದೊಡ್ಡಪ್ಪ ಒರೆಸಿಕೊಳ್ಳುತ್ತ ನಿಂತರು.

"ನೀ ಹ್ಯಾಂಗ ಇಷ್ಟ ಲಗೂ ಬಂದಿ?" ಎಂದರು ಕಡೆಗೆ.

"ಎಚ್ಚರ ಇದ್ದೆ," ಎಂದರು ಅಪ್ಪ.

"ನೀನು?"

"ಹೂಂ. ಖರೇನೇ."

ಅವ್ವ ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ, ಇನ್ನೊಂದು ಕ್ಷಣ ತಡವಾಗಿದ್ದರೆ ಮಡಿ ಹೋಗಲಿ, ಹುಗ್ಗಿ ಹೋಗಲಿ ಎಂದು ತಾನೇ ಹಾರಿ ಹಿಡಿಯುತ್ತಿದ್ದೆ ಎಂದು. ಅವಳ ಒಂದು ಕಾಲು ಹೊಸ್ತಿಲಿನ ಹೊರಗೆ ಬಂದದ್ದನ್ನು ನಾನು ನೋಡಿದ್ದೆ. ಅಡುಗೆಮನೆಯಲ್ಲಿ ಹುಗ್ಗಿ ಸ್ವಲ್ಪ ತಳ ಹಿಡಿದಿತ್ತು. ಮೇಲಿನದಷ್ಟನ್ನು ತೆಗೆದು ತುಪ್ಪ ಹಾಕಿ ಕೊಟ್ಟಳು. ಅಪ್ಪ ಸ್ನಾನ ಮಾಡಿ, ಗುಡಿಗೆ ಹೋಗಿ, ಎಲ್ಲ ಅಕ್ಷರವೂ ತಪ್ಪದಂತೆ ಸಂಕಲ್ಪ ಮಾಡಿದರು. ಮಂಗಳಾರತಿ ಮುಗಿದು ತೀರ್ಥ ಕೊಡುವಾಗಲೂ ಹೊರಗೆ ಕತ್ತಲೆಯಿತ್ತು. ಆ ದಿನ ಗಾಡಿಯಲ್ಲಿ ಕೂತವಳು ಚಿತ್ತಾಪುರ ಬಂದರೂ ಏಳಲಿಲ್ಲ. ಪಕ್ಕದ ಹೆಂಗಸು ಎಬ್ಬಿಸಬೇಕಾಯಿತು. ಎಷ್ಟೋ ದಿನದ ಮೇಲೆ ಭಯವಿಲ್ಲದ ನಿದ್ದೆ.

ಸಂಜೆ ಪಡಸಾಲೆಯ ಕಿಟಕಿಗೆ ದಪ್ಪ ಕೌದಿ ಕಟ್ಟಿದೆವು. ದೊಡ್ಡಪ್ಪನ ಕೈಹಿಡಿದು ಒಳಗೆ ಕರೆತಂದು ಗೋಡೆಯ ಮುಂದೆ ಕೂರಿಸಿ, ಅವ್ವ ಡಬ್ಬಿ ತಿರುಗಿಸಿದಳು. ಒಂದು, ಎರಡು, ಮೂರು. ಅವರು ಎಡಗಣ್ಣಿನಿಂದ ನೋಡುತ್ತ, "ಹೌದಲೇ, ನಾ ಮೋಸ ಹೋಗಿದ್ದರಾಗ ತಪ್ಪಿಲ್ಲ" ಎಂದರು. ಎದ್ದು ಹೋಗಿ ಗೂಟದ ಮೇಲಿನ ಪಂಚೆಯನ್ನು ತಾವೇ ಮಡಚಿ ಪೆಟ್ಟಿಗೆಯಲ್ಲಿಟ್ಟರು.

ಅಲ್ಲಿಂದ ಮುಂದೆ ದಿನಾಲೂ ಅವರದೊಂದು ಪ್ರಶ್ನೆ. ಅಪ್ಪ ಗುಡಿಯಿಂದ ಬಂದ ಕೂಡಲೇ ಹೊರಸಿನಿಂದ ಕೂಗುತ್ತಿದ್ದರು, "ಇವತ್ತ ಎಷ್ಟರ ಮ್ಯಾಲೆ ಎದ್ದ?"

"ನಾಕರ ಮ್ಯಾಲೆ ಎದ್ದಾರ್ರಿ," ಎನ್ನುತ್ತಿದ್ದಳು ಅವ್ವ. ವಾರ ಕಳೆಯುವಷ್ಟರಲ್ಲಿ ಅದು ಮೂರಾಯಿತು. ಎಸರು ಕುದಿಯುವ ಹೊತ್ತಿಗೇ, ಎರಡರ ಕುಂಕುಮ ಬೆಳಕಿಗೇ, ಅಪ್ಪ ಎದ್ದು ಕೂತು ಕೈ ಉಜ್ಜಿಕೊಂಡು ಮುಖಕ್ಕೆ ಒತ್ತಿಕೊಳ್ಳುವ ದಿನಗಳೂ ಬಂದವು. ಒಂದು ನಸುಕು ಕರೆಂಟು ಹೋಯಿತು. ಅವ್ವ ಕಂದೀಲನ್ನು ಮಡಿ ಮಾಡಿ ಹೊಸ್ತಿಲ ಮೇಲಿಟ್ಟು, ಅದೇ ಲೆಕ್ಕದಲ್ಲಿ ಬತ್ತಿ ಏರಿಸುತ್ತ ಹೋದಳು. ಅದಕ್ಕೂ ಎದ್ದರು. ಎದ್ದ ಮೇಲೆ ಹರಟೆ ಹೊಡೆಯುತ್ತಿದ್ದರು, ಅದು ನಮಗೆ ಹೊಸದು. ಅಪ್ಪ ಬೆಳಗಿನ ಹೊತ್ತು ಇಷ್ಟು ಮಾತಾಡುವ ಮನುಷ್ಯ ಎಂಬುದು ಅವ್ವನಿಗೆ ಮದುವೆಯಾಗಿ ಮೂವತ್ತು ವರ್ಷದ ಮೇಲೆ ಗೊತ್ತಾಯಿತು. "ಸುಮ್ನ ಮಲಗಿದ್ರನೇ ಛಲೋ ಇತ್ತು," ಎಂದು ಅವಳ ತಮಾಷೆ.

ಸಂಕ್ರಾಂತಿಯಾಯಿತು. ಒಂದು ದಿನವೂ ತಪ್ಪಲಿಲ್ಲ. ಅದಾಗಿ ನಾಲ್ಕನೆಯ ದಿನ ದೊಡ್ಡಪ್ಪನನ್ನು ಕಲಬುರ್ಗಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆವು. ಪಟ್ಟಿ ತೆಗೆದು, ದೀಪ ಹಾಕಿ, ಡಾಕ್ಟರು ಬಗ್ಗಿ ಬಹಳ ಹೊತ್ತು ನೋಡಿದರು. ನಾನೂ ಅಪ್ಪನೂ ಬೆಂಚಿನ ತುದಿಯಲ್ಲಿ ಕೂತಿದ್ದೆವು. "ಗಾಯ ಚೆನ್ನಾಗಿ ಮಾಗಿದೆ," ಎಂದರು ಡಾಕ್ಟರು. ದೊಡ್ಡಪ್ಪ ಮೊದಲು ಗೋಡೆಯ ಕ್ಯಾಲೆಂಡರ್ ನೋಡಿದರು, ಆಮೇಲೆ ನನ್ನನ್ನು, ಆಮೇಲೆ ಅಪ್ಪನನ್ನು.

"ಎಷ್ಟ ಮುದುಕ ಆಗೀದಿಯೋ," ಎಂದರು. ಅಪ್ಪನ ಕಣ್ಣಲ್ಲಿ ನೀರು ಬಂತು, ನಗುತ್ತಲೇ ಇದ್ದರು.

ಮರುವರ್ಷ ಎಡಗಣ್ಣಿನ ಆಪರೇಷನ್ ಆಗಬೇಕಿತ್ತು. ಅವಸರವೇನಿಲ್ಲ, ನಿಮಗೆ ಅನುಕೂಲವಾದ ತಿಂಗಳು ಹೇಳಿ ಎಂದರು ಡಾಕ್ಟರು. ಬೇಸಿಗೆಯ ರಜೆಯಲ್ಲಿ ನಾನು ಮನೆಯಲ್ಲಿರುತ್ತೇನೆ, ಆಗಲೇ ಮಾಡಿಸೋಣ ಎಂದೆ. ದೊಡ್ಡಪ್ಪ ಬೇಡವೆಂದರು. ಧನುರ್ಮಾಸಕ್ಕೆ ಎರಡು ದಿನ ಮುಂಚಿನ ತಾರೀಖನ್ನು ತಾವೇ ಬರೆಸಿಕೊಂಡು ಬಂದರು. ಆ ತಿಂಗಳು ಪೂರ್ತಿ ಅಪ್ಪ ಪೂಜೆ ಮಾಡಿದರು. ದೊಡ್ಡಪ್ಪ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ದಿನಾ ಬಿಸಿಲೇರುವವರೆಗೆ ಮಲಗಿದರು.